ಬೂಷ್ಟು ಹಿಡಿದ ಹಳೆಯ ಫೋಟೊವನ್ನು ಕಂಪ್ಯೂಟರಿನಲ್ಲಿ ಸರಿಪಡಿಸುವ ಬಗೆ

ಕೊಡಗಿನ ಮನೆಗಳಲ್ಲಿ ಹಳೆಯ ಫೋಟೊಗಳು ಏಕೆ ಹಾಳಾಗುತ್ತವೆ ಎಂದು ತಿಳಿಯಲು ಒಂದು ಮಳೆಗಾಲ ಕಂಡರೆ ಸಾಕು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೀರುವೂ ಒಣಗುವುದೇ ಇಲ್ಲ. ಗೋಡೆಗೆ ತೂಗುಹಾಕಿದ ಚೌಕಟ್ಟಿನ ಹಿಂದಿನ ರಟ್ಟು ಆ ತೇವವನ್ನು ಹೀರಿಕೊಂಡು ನಿಧಾನವಾಗಿ ಫೋಟೊಗೆ ದಾಟಿಸುತ್ತದೆ. ಹಳೆಯ ಕಪ್ಪು ಬಿಳುಪು ಫೋಟೊದ ಮೇಲ್ಮೈಯಲ್ಲಿ ಜೆಲಟಿನ್ ಎಂಬ ತೆಳುವಾದ ಪದರವಿರುತ್ತದೆ, ಚಿತ್ರವನ್ನು ಮೂಡಿಸಿರುವ ಬೆಳ್ಳಿಯ ಕಣಗಳು ಅದರೊಳಗೆ ಹುದುಗಿರುತ್ತವೆ. ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತಯಾರಾಗುವ ಈ ಜೆಲಟಿನ್ ತೇವ ತಗುಲಿದರೆ ಅಂಟಾಗುತ್ತದೆ, ಬೂಷ್ಟಿಗೆ ಆಹಾರವಾಗುತ್ತದೆ, ಹಳೆಯ ಪುಸ್ತಕಗಳಲ್ಲಿ ಹರಿದಾಡುವ ಬೆಳ್ಳಿಬಣ್ಣದ ಹುಳುಗಳಿಗೂ ಪ್ರಿಯವಾಗುತ್ತದೆ.

ನಾನು ಈ ಕೆಲಸವನ್ನು ಕಲಿತದ್ದು ನನ್ನ ಅಜ್ಜ ಅಜ್ಜಿಯರ ಮದುವೆಯ ಫೋಟೊವನ್ನು ಸರಿಪಡಿಸುವ ಸಲುವಾಗಿ. ಅಂಚೆ ಕಾರ್ಡಿನಷ್ಟು ದೊಡ್ಡದಾದ ಆ ಫೋಟೊದಲ್ಲಿ ಅಜ್ಜ ಬಿಳಿ ಕುಪ್ಯ ಎಂಬ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಎಂಬ ರೇಷ್ಮೆಯ ಪಟ್ಟಿ ಬಿಗಿದು, ಅದಕ್ಕೆ ಪೀಚೆಕತ್ತಿ ಎಂಬ ಕಿರುಗತ್ತಿ ಸಿಕ್ಕಿಸಿಕೊಂಡು ನಿಂತಿದ್ದಾರೆ. ಅಜ್ಜಿ ಚಿನ್ನದ ಗುಂಡುಗಳ ಜೋಮಾಲೆ, ಪದಕವಿರುವ ಕೊಕ್ಕೆತಾತಿ ಎಂಬ ಸರಗಳನ್ನು ಧರಿಸಿ ಕುರ್ಚಿಯಲ್ಲಿ ಕುಳಿತಿದ್ದಾರೆ. ಎಡ ಮೇಲ್ಮೂಲೆಯಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ ನೀರಿನ ಕಲೆ, ಹಿನ್ನೆಲೆಯ ತುಂಬ ಬೂಷ್ಟಿನ ಚುಕ್ಕೆಗಳು, ಕೆಳಗಿನ ಬಲಮೂಲೆಯಲ್ಲಿ ಹರಿದುಹೋದ ಒಂದು ತುಂಡು, ಮತ್ತು ಇವೆಲ್ಲಕ್ಕಿಂತ ಕಷ್ಟದ್ದಾಗಿ, ಅಜ್ಜನ ಪೀಚೆಕತ್ತಿಯ ಮೇಲಿಂದ ಹೊರಟು ಅಜ್ಜಿಯ ಜೋಮಾಲೆಯನ್ನು ಸೀಳಿ ಅವರ ಕೆನ್ನೆಯವರೆಗೆ ಹೋಗಿದ್ದ ಒಂದು ಮಡಿಕೆಯ ಗೆರೆ. ಮುಂದೆ ಹೇಳುವ ಹಂತಗಳಿಗೆಲ್ಲ ಇದೇ ಫೋಟೊವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಮೊದಲು ಕೈಯಲ್ಲಿರುವ ಫೋಟೊ

ಕಂಪ್ಯೂಟರನ್ನು ತೆರೆಯುವ ಮುನ್ನವೇ ಅತಿ ಹೆಚ್ಚು ಹಾನಿ ಆಗುವುದನ್ನು ನಾನು ನೋಡಿದ್ದೇನೆ. ಬೂಷ್ಟು ಕಂಡ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸುವುದು ನಮ್ಮ ಸಹಜ ಅಭ್ಯಾಸ. ಆದರೆ ಬೂಷ್ಟು ತಿಂದ ಜೆಲಟಿನ್ ನೀರು ತಗುಲಿದೊಡನೆ ಕರಗಿ, ಚಿತ್ರವೇ ಬಟ್ಟೆಗೆ ಬಂದುಬಿಡಬಹುದು. ಫೋಟೊವನ್ನು ಒಣ ಹವೆಯಲ್ಲಿ, ನೇರ ಬಿಸಿಲು ಬೀಳದ ಜಾಗದಲ್ಲಿ ಒಂದೆರಡು ದಿನ ಬಿಟ್ಟು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ನಿಂತು, ಚಿತ್ರ ಬರೆಯುವ ಮೃದುವಾದ ಕುಂಚದಿಂದ ಬೂಷ್ಟಿನ ಪುಡಿಯನ್ನು ಹಗುರವಾಗಿ ಜಾಡಿಸಬೇಕು. ಅದರಿಂದ ಹೋಗದೆ ಉಳಿದದ್ದನ್ನು ಕೆರೆಯಲು ಹೋಗಬಾರದು. ಅದನ್ನು ತೆಗೆಯುವುದು ಕಂಪ್ಯೂಟರಿನ ತೆರೆಯ ಮೇಲೆ ಆಗಬೇಕಾದ ಕೆಲಸ. ಈ ಕೆಲಸಕ್ಕೆ ಕಾಫಿ ಕೊಯ್ಲು ಮುಗಿದು ಹೂಮಳೆ ಬರುವುದಕ್ಕೆ ಮುಂಚಿನ ಒಣ ದಿನಗಳಷ್ಟು ಒಳ್ಳೆಯ ಕಾಲ ನಮ್ಮಲ್ಲಿ ಬೇರೊಂದಿಲ್ಲ.

ಫೋಟೊ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಅದನ್ನು ಎಳೆದು ಬಿಡಿಸಲು ಯಾರೂ ಪ್ರಯತ್ನಿಸಬಾರದು. ಎಳೆದರೆ ಕಾಗದ ಕೈಗೆ ಬಂದು, ಮುಖ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಹೊರಮೈಯನ್ನು ಮಾತ್ರ ಒಣ ಬಟ್ಟೆಯಿಂದ ಸ್ವಚ್ಛಗೊಳಿಸಿ, ಗಾಜಿನ ಸಮೇತವೇ ಕ್ಯಾಮೆರಾದಿಂದ ಚಿತ್ರ ತೆಗೆಯುವುದು ಸರಿಯಾದ ದಾರಿ. ಹಾಗೆಯೇ ಹರಿದ ತುಂಡುಗಳನ್ನು ಅಂಟುಪಟ್ಟಿಯಿಂದ ಜೋಡಿಸಬಾರದು. ಅಂಟು ಕಾಲಕ್ರಮದಲ್ಲಿ ಹಳದಿಯಾಗಿ ಹೊಸ ಕಲೆಯಾಗುತ್ತದೆ. ತುಂಡುಗಳನ್ನು ಒಂದರ ಮೇಲೊಂದು ಬಾರದಂತೆ, ನಡುವೆ ಸ್ವಲ್ಪ ಅಂತರ ಬಿಟ್ಟು ಸ್ಕ್ಯಾನರಿನ ಮೇಲೆ ಇಟ್ಟರೆ ಸಾಕು, ಜೋಡಿಸುವ ಕೆಲಸವನ್ನು ಆಮೇಲೆ ಪ್ರತಿ ತುಂಡನ್ನೂ ಒಂದೊಂದು ಪದರವಾಗಿ ಬೇರ್ಪಡಿಸಿ, ತಿರುಗಿಸಿ, ಅಂಚಿಗೆ ಅಂಚು ಕೂಡಿಸಿ ಮಾಡಬಹುದು.

ಸ್ಕ್ಯಾನ್ ಮಾಡುವುದು

ಸ್ಕ್ಯಾನ್ ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಸಾಮಾನ್ಯ ಫೋಟೊಗಳಿಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆಗಳು ಎಂಬ ಅಳತೆ) ಇರಲಿ. ಪಾಸ್‌ಪೋರ್ಟ್ ಗಾತ್ರದ ಸಣ್ಣ ಫೋಟೊಗಳಿಗೆ 1200 ಇಟ್ಟುಕೊಳ್ಳಿ. ಐದೂವರೆ ಇಂಚು ಉದ್ದ, ಮೂರೂವರೆ ಇಂಚು ಅಗಲದ ಫೋಟೊ 600 ಡಿಪಿಐಯಲ್ಲಿ 3300 ಮತ್ತು 2100 ಪಿಕ್ಸೆಲ್‌ಗಳ ಚಿತ್ರವಾಗುತ್ತದೆ, ಅಂದರೆ ಸುಮಾರು 70 ಲಕ್ಷ ಪಿಕ್ಸೆಲ್‌ಗಳು. ಅದನ್ನು 300 ಡಿಪಿಐಯಲ್ಲಿ ಮುದ್ರಿಸಿದರೆ 11 ಇಂಚು ಉದ್ದ, 7 ಇಂಚು ಅಗಲದ ಚೊಕ್ಕ ಪ್ರತಿ ಸಿಗುತ್ತದೆ. ಗೋಡೆಗೆ ಹಾಕುವುದಕ್ಕೆ ಅಷ್ಟು ಸಾಕು.

ಕಪ್ಪು ಬಿಳುಪು ಫೋಟೊವಾದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಬೇಕು. ಇದರ ಕಾರಣವನ್ನು ಕಲೆಗಳ ವಿಚಾರ ಬಂದಾಗ ಹೇಳುತ್ತೇನೆ, ಆದರೆ ಬೇರೆ ಯಾವ ಸಲಹೆಯನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಕಡತವನ್ನು ಟಿಫ್ ರೂಪದಲ್ಲಿ ಉಳಿಸಿ. ಜೆಪೆಗ್ ರೂಪವು ಗಾತ್ರವನ್ನು ಕುಗ್ಗಿಸಲು ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ಸ್ಕ್ಯಾನರಿನ ಜೊತೆಗೆ ಬರುವ ತಂತ್ರಾಂಶದಲ್ಲಿ ಧೂಳು ತೆಗೆಯುವ, ಚುರುಕುಗೊಳಿಸುವ, ಬಣ್ಣ ಸರಿಪಡಿಸುವ ಸ್ವಯಂಚಾಲಿತ ಸೌಲಭ್ಯಗಳಿದ್ದರೆ ಅವನ್ನೆಲ್ಲ ನಿಲ್ಲಿಸಿ. ಹಿಂಬದಿಯಲ್ಲಿ ಶಾಯಿಯ ಬರಹವಿದ್ದು ಅದು ಮುಂದಕ್ಕೆ ಮೂಡುತ್ತಿದ್ದರೆ ಫೋಟೊದ ಹಿಂದೆ ಒಂದು ಕಪ್ಪು ಕಾಗದವನ್ನಿಡಿ. ಬಳಿಕ ಫೋಟೊವನ್ನು ಮಗುಚಿ ಆ ಬರಹವನ್ನೂ ಸ್ಕ್ಯಾನ್ ಮಾಡಿಕೊಳ್ಳಿ. ಹೆಸರು, ಇಸವಿ, ಸ್ಟುಡಿಯೊದ ಮೊಹರು ಎಲ್ಲವೂ ಹೆಚ್ಚಾಗಿ ಅಲ್ಲಿಯೇ ಇರುತ್ತವೆ.

ಮೇಲ್ಮೈಯಲ್ಲಿ ನೇಯ್ದ ಬಟ್ಟೆಯಂಥ ಅಥವಾ ಜೇನುಗೂಡಿನಂಥ ಉಬ್ಬು ವಿನ್ಯಾಸವಿರುವ ಫೋಟೊಗಳದು ಬೇರೆಯೇ ಕಷ್ಟ. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ಆ ಉಬ್ಬುಗಳ ನೆರಳು ಚಿತ್ರದ ತುಂಬ ಹರಡಿಕೊಳ್ಳುತ್ತದೆ. ಒಮ್ಮೆ ನೇರವಾಗಿಯೂ ಇನ್ನೊಮ್ಮೆ ಫೋಟೊವನ್ನು ತಲೆಕೆಳಗಾಗಿ ಇಟ್ಟೂ ಸ್ಕ್ಯಾನ್ ಮಾಡಿ, ತೆರೆಯ ಮೇಲೆ ಎರಡನೆಯದನ್ನು ತಿರುಗಿಸಿ ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರಿಸಿ, ಅದರ ಅಪಾರದರ್ಶಕತೆಯನ್ನು 50 ಪ್ರತಿಶತಕ್ಕೆ ಇಳಿಸಿದರೆ ನೆರಳುಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ.

ಸ್ಕ್ಯಾನರ್ ಇಲ್ಲದವರು ಕ್ಯಾಮೆರಾ ಅಥವಾ ಒಳ್ಳೆಯ ಮೊಬೈಲನ್ನು ಬಳಸಬಹುದು. ಇದಕ್ಕೆ ಕೊಡಗಿನ ಮಂಜು ಮುಸುಕಿದ ಬೆಳಗಿಗಿಂತ ಒಳ್ಳೆಯ ದೀಪ ಸಿಗಲಾರದು. ಜಗಲಿಯ ಐಮರದ (ಕೂರುವ ಮರದ ಹಲಗೆಯ) ಮೇಲೆ ಫೋಟೊವನ್ನು ಸಪಾಟಾಗಿ ಇಟ್ಟು, ಕ್ಯಾಮೆರಾವನ್ನು ಅದಕ್ಕೆ ಸರಿಯಾಗಿ ನೇರ ಮೇಲೆ ಹಿಡಿದು, ಫ್ಲಾಶ್ ಇಲ್ಲದೆ ತೆಗೆಯಬೇಕು. ಗಾಜಿನಲ್ಲಿ ಪ್ರತಿಬಿಂಬ ಬೀಳುತ್ತಿದ್ದರೆ ಒಂದು ಕಪ್ಪು ಕಂಬಳಿಯಲ್ಲಿ ಕ್ಯಾಮೆರಾದ ಕಣ್ಣಿನಷ್ಟೇ ರಂಧ್ರ ಬಿಟ್ಟು ಅದನ್ನು ಮರೆಯಾಗಿ ಹಿಡಿಯಿರಿ. ಹಳೆಯ ಫೋಟೊಗಳ ಕಪ್ಪು ಭಾಗಗಳು ಕನ್ನಡಿಯಂತೆ ನೀಲಿಛಾಯೆಯಲ್ಲಿ ಹೊಳೆಯುವುದುಂಟು. ಬೆಳ್ಳಿಯು ಮೇಲ್ಮೈಗೆ ಬಂದು ಕೂತಿರುವುದರ ಗುರುತು ಅದು. ಅಂಥ ಫೋಟೊಗಳಿಗೆ ಸ್ಕ್ಯಾನರಿಗಿಂತ ಹೀಗೆ ಬೆಳಕಿನ ಕೋನವನ್ನು ಬದಲಿಸಿಕೊಂಡು ಕ್ಯಾಮೆರಾದಲ್ಲಿ ತೆಗೆಯುವುದೇ ಮೇಲು.

ತಂತ್ರಾಂಶ ಮತ್ತು ಪದರಗಳು

ಆರಂಭಿಸುವವರಿಗೆ ಚಿತ್ರ ತಿದ್ದುವ ಗಿಂಪ್ ಎಂಬ ತಂತ್ರಾಂಶ ಸಾಕು. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಓಡುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲಿಯೂ ತಕ್ಕಮಟ್ಟಿಗೆ ನಡೆಯುತ್ತದೆ. 2025ರ ಮಾರ್ಚ್‌ನಲ್ಲಿ ಅದರ 3.0 ಆವೃತ್ತಿ ಬಿಡುಗಡೆಯಾಯಿತು. ಫೋಟೊಶಾಪ್ ಇದ್ದವರು ಅದರಲ್ಲಿಯೇ ಮಾಡಬಹುದು. ಹತ್ಯಾರಗಳ ಹೆಸರು ಸ್ವಲ್ಪ ಬೇರೆಯಾದರೂ ಕೆಲಸದ ಕ್ರಮ ಒಂದೇ.

ಸ್ಕ್ಯಾನ್ ಮಾಡಿದ ಮೂಲ ಟಿಫ್ ಕಡತವನ್ನು ಬೇರೊಂದು ಫೋಲ್ಡರಿನಲ್ಲಿ ಇಟ್ಟು ಅದನ್ನು ಮುಟ್ಟದೆ ಬಿಡಿ. ಅದರ ಪ್ರತಿಯನ್ನು ಗಿಂಪ್‌ನಲ್ಲಿ ತೆರೆದು, ಗಿಂಪ್‌ನ ಸ್ವಂತ ರೂಪವಾದ ಎಕ್ಸ್‌ಸಿಎಫ್‌ನಲ್ಲಿ ಉಳಿಸಿಕೊಳ್ಳಿ. ಪದರಗಳು ಪದರಗಳಾಗಿಯೇ ಉಳಿಯುವುದು ಆ ರೂಪದಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಕಾರಣ ಹತ್ತು ನಿಮಿಷಕ್ಕೊಮ್ಮೆ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

ಪದರ ಎಂದರೆ ಫೋಟೊದ ಮೇಲೆ ಹಾಸಿದ ಪಾರದರ್ಶಕ ಹಾಳೆ ಎಂದು ಭಾವಿಸಿಕೊಳ್ಳಬಹುದು. ನಾವು ಬಿಡಿಸುವುದೆಲ್ಲ ಆ ಹಾಳೆಯ ಮೇಲೆ ಬೀಳುತ್ತದೆ, ಕೆಳಗಿನ ಫೋಟೊ ಹಾಗೆಯೇ ಇರುತ್ತದೆ, ಹಾಳೆಯನ್ನು ಮರೆಮಾಡಿದರೆ ನಾವು ಏನೇನು ಸೇರಿಸಿದ್ದೇವೆ ಎಂಬುದು ಒಂದೇ ಕ್ಷಣದಲ್ಲಿ ಕಾಣುತ್ತದೆ. ನಾನು ಮೊದಲ ಸಲ ಎಲ್ಲವನ್ನೂ ಒಂದೇ ಪದರದಲ್ಲಿ ಮಾಡಿದ್ದೆ. ಎರಡು ದಿನಗಳ ಬಳಿಕ ಅಜ್ಜನ ಮೀಸೆಯ ತುದಿ ಮೂಲದಲ್ಲಿ ಹೇಗಿತ್ತು ಎಂದು ನೋಡಬೇಕಾದಾಗ ಅದನ್ನು ತಿಳಿಯುವ ದಾರಿಯೇ ಉಳಿದಿರಲಿಲ್ಲ, ಮೂಲವನ್ನು ಮತ್ತೆ ತೆರೆದು ಇಡೀ ಕೆಲಸವನ್ನು ಹೊಸದಾಗಿ ಆರಂಭಿಸಬೇಕಾಯಿತು. ಆದ್ದರಿಂದ ಹಿನ್ನೆಲೆಗೆ ಒಂದು ಪದರ, ಬಟ್ಟೆಗೆ ಒಂದು, ಮುಖಕ್ಕೆ ಒಂದು ಎಂದು ಬೇರೆಬೇರೆಯಾಗಿ ಮಾಡಿ, ಪ್ರತಿಯೊಂದಕ್ಕೂ ಹೆಸರು ಕೊಡಿ.

ಕಲೆಯನ್ನು ತೆಗೆಯುವ ಸುಲಭದ ದಾರಿ

ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಿಂದ ಕೂಡಿರುತ್ತದೆ. ಹಳದಿ ಅಥವಾ ಕಂದು ಬಣ್ಣದ ನೀರಿನ ಕಲೆ ನೀಲಿ ಬೆಳಕನ್ನು ಹೀರುತ್ತದೆ, ಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಹೀಗಾಗಿ ನೀಲಿ ಚಾನೆಲ್‌ನಲ್ಲಿ ಅದು ಕಡುಕಪ್ಪಾಗಿಯೂ ಕೆಂಪು ಚಾನೆಲ್‌ನಲ್ಲಿ ಬಹಳ ತೆಳುವಾಗಿಯೂ ಕಾಣುತ್ತದೆ. ಫೋಟೊ ಕಪ್ಪು ಬಿಳುಪಿನದೇ ಆಗಿದ್ದರೆ ‘ಕಲರ್ಸ್’ ಪಟ್ಟಿಯಲ್ಲಿ ‘ಕಾಂಪೊನೆಂಟ್ಸ್’ ಒಳಗಿರುವ ‘ಮೊನೊ ಮಿಕ್ಸರ್’ ತೆರೆದು, ಕೆಂಪನ್ನು 1ಕ್ಕೆ ಏರಿಸಿ, ಹಸಿರು ಮತ್ತು ನೀಲಿಗಳನ್ನು 0ಗೆ ಇಳಿಸಿದರೆ ಆಯಿತು. ಅಜ್ಜನ ಫೋಟೊದ ಮೇಲ್ಮೂಲೆಯ ಕಲೆಯನ್ನು ಕುಂಚದಿಂದ ಒಂದು ಸಂಜೆಯೆಲ್ಲ ತಿದ್ದಿ ಸೋತಿದ್ದ ನನಗೆ, ಅದು ಹೀಗೆ ಒಂದು ಗುಂಡಿ ಒತ್ತಿದ ಕೂಡಲೇ ಮುಕ್ಕಾಲು ಪಾಲು ಮಾಯವಾದದ್ದನ್ನು ಕಂಡು ಆದ ಸಂತೋಷ ಇಂದಿಗೂ ನೆನಪಿದೆ. ನೀಲಿ ಶಾಯಿ ಚೆಲ್ಲಿದ ಫೋಟೊಗೆ ಇದರ ವಿರುದ್ಧ: ಅಲ್ಲಿ ನೀಲಿ ಚಾನೆಲ್ ಸಹಾಯಕ್ಕೆ ಬರುತ್ತದೆ. ಮೂರನ್ನೂ ಒಂದೊಂದಾಗಿ ನೋಡಿ, ಕಲೆ ಕಡಿಮೆ ಇರುವುದನ್ನು ಆರಿಸಿಕೊಳ್ಳಿ. ಬಣ್ಣದಲ್ಲಿ ಸ್ಕ್ಯಾನ್ ಮಾಡಿರೆಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಮಾಸಿದ ಚಿತ್ರಕ್ಕೆ ಕಪ್ಪು ಬಿಳುಪಿನ ಹರವನ್ನು ಮರಳಿ ಕೊಡುವುದು ‘ಲೆವೆಲ್ಸ್’ ಎಂಬ ಸಾಧನ. ಅದರಲ್ಲಿ ಗುಡ್ಡದ ಸಾಲಿನಂತೆ ಕಾಣುವ ನಕ್ಷೆಯ ಎಡತುದಿಯಲ್ಲಿ ಕಪ್ಪಿನ ತ್ರಿಕೋನ, ಬಲತುದಿಯಲ್ಲಿ ಬಿಳಿಯ ತ್ರಿಕೋನ ಇರುತ್ತವೆ. ಗುಡ್ಡ ಎಲ್ಲಿ ಏಳಲು ತೊಡಗುತ್ತದೆಯೋ ಅಲ್ಲಿಯವರೆಗೆ ಎರಡನ್ನೂ ಒಳಕ್ಕೆ ಸರಿಸಬೇಕು, ಆದರೆ ಗುಡ್ಡದ ಬುಡವನ್ನು ತಾಗುವ ಮುನ್ನವೇ ನಿಲ್ಲಿಸಬೇಕು. ಬಿಳಿಯ ತ್ರಿಕೋನವನ್ನು ಹೆಚ್ಚು ಸರಿಸಿದರೆ ಮದುಮಗನ ಬಿಳಿ ಕುಪ್ಯದ ನೆರಿಗೆಗಳೆಲ್ಲ ಸುಣ್ಣ ಬಳಿದಂತೆ ಒಂದಾಗಿಬಿಡುತ್ತವೆ; ಕಪ್ಪನ್ನು ಹೆಚ್ಚು ಸರಿಸಿದರೆ ಹಿಂದೆ ನಿಂತ ನೆಂಟರ ಕಪ್ಪು ಕುಪ್ಯಗಳಿಗೂ ಅದೇ ಗತಿ. ಫೋಟೊದ ಒಂದು ಭಾಗ ಮಾತ್ರ ಮಾಸಿದ್ದರೆ ಚಿತ್ರದ ನಕಲು ಪದರವೊಂದನ್ನು ಮಾಡಿ, ಅದನ್ನು ಬೇಕಾದಷ್ಟು ಗಾಢಗೊಳಿಸಿ, ಅದನ್ನು ಪೂರ್ತಿ ಮರೆಮಾಡುವ ಕಪ್ಪು ‘ಲೇಯರ್ ಮಾಸ್ಕ್’ ಹಾಕಿ, ಮಾಸಿದ ಜಾಗದಲ್ಲಿ ಮಾತ್ರ ಮೃದುವಾದ ಬಿಳಿ ಕುಂಚವನ್ನು ಆಡಿಸಿ; ಕುಂಚ ತಗುಲಿದ ಕಡೆ ಮಾತ್ರ ಗಾಢತೆ ಮೂಡುತ್ತದೆ.

ಚುಕ್ಕೆ, ಗೀರು, ಮಡಿಕೆ

ಇಲ್ಲಿಂದ ಮುಂದಿನದು ತಾಳ್ಮೆಯ ಕೆಲಸ, ಮತ್ತು ಇದರಲ್ಲಿ ಎರಡೇ ಹತ್ಯಾರಗಳು ಮುಖ್ಯ. ‘ಕ್ಲೋನ್’ ಎಂಬುದು ಒಂದು ಜಾಗದ ಪಿಕ್ಸೆಲ್‌ಗಳನ್ನು ಇದ್ದ ಹಾಗೆಯೇ ತಂದು ಇನ್ನೊಂದು ಜಾಗಕ್ಕೆ ಅಂಟಿಸುತ್ತದೆ. ‘ಹೀಲ್’ ಎಂಬುದು ಹಾಗೆ ತಂದದ್ದನ್ನು ಹೊಸ ಜಾಗದ ಬೆಳಕು ನೆರಳಿಗೆ ಹೊಂದಿಸಿಕೊಳ್ಳುತ್ತದೆ. ಎರಡರಲ್ಲಿಯೂ ಕಂಟ್ರೋಲ್ ಕೀಲಿಯನ್ನು ಒತ್ತಿಕೊಂಡು ಒಳ್ಳೆಯ ಜಾಗದ ಮೇಲೆ ಕ್ಲಿಕ್ ಮಾಡಿದರೆ ಅದು ಮೂಲವಾಗುತ್ತದೆ. ಬಳಿಕ ಹಾಳಾದ ಜಾಗದ ಮೇಲೆ ಕ್ಲಿಕ್ ಮಾಡಬೇಕು. ಕ್ಲೋನ್ ಅನ್ನು ಖಾಲಿ ಪದರದ ಮೇಲೆ, ‘ಸ್ಯಾಂಪಲ್ ಮರ್ಜ್‌ಡ್’ ಎಂಬ ಆಯ್ಕೆಯನ್ನು ಗುರುತು ಹಾಕಿಕೊಂಡು ಬಳಸಬಹುದು. ಹೀಲ್‌ಗೆ ಮಾತ್ರ ಖಾಲಿ ಪದರ ಒಗ್ಗುವುದಿಲ್ಲ, ಹೊಂದಿಸಿಕೊಳ್ಳಲು ಅದರ ಕೆಳಗೆ ಪಿಕ್ಸೆಲ್‌ಗಳು ಇರಲೇಬೇಕು. ಆದ್ದರಿಂದ ಅದಕ್ಕೆ ಚಿತ್ರದ ನಕಲು ಪದರವನ್ನು ಮಾಡಿಕೊಳ್ಳಿ.

ಚಿತ್ರವನ್ನು 100 ಪ್ರತಿಶತ ಗಾತ್ರದಲ್ಲಿ ನೋಡುತ್ತ, ಗದ್ದೆಯಲ್ಲಿ ನಾಟಿ ಮಾಡುವ ಹಾಗೆ ಒಂದು ತುದಿಯಿಂದ ಸಾಲು ಹಿಡಿದು ಹೋಗಿ. ಅಲ್ಲೊಂದು ಇಲ್ಲೊಂದು ಚುಕ್ಕೆಯನ್ನು ಆರಿಸುತ್ತ ಹೋದರೆ ಎಲ್ಲಿ ಮುಗಿದಿದೆ, ಎಲ್ಲಿ ಉಳಿದಿದೆ ಎಂಬುದೇ ತಿಳಿಯದು. ಕುಂಚದ ಗಾತ್ರ ಚುಕ್ಕೆಗಿಂತ ಒಂದು ಕೂದಲೆಳೆ ದೊಡ್ಡದಿರಲಿ, ಅದರ ಅಂಚು ಅತಿ ಮೃದುವೂ ಅತಿ ಗಡುಸೂ ಆಗದಿರಲಿ, ಮೂಲವನ್ನು ಚುಕ್ಕೆಯ ಪಕ್ಕದಿಂದಲೇ ಆರಿಸಿಕೊಳ್ಳಿ. ಬಯಲು ಹಿನ್ನೆಲೆಯಲ್ಲಿ ಒಂದೇ ಜಾಗದಿಂದ ಪದೇಪದೇ ತೆಗೆದುಕೊಂಡರೆ ಒಂದೇ ಗುರುತು ಸಾಲಾಗಿ ಮರುಕಳಿಸಿ, ನೋಡಿದವರಿಗೆ ತಿದ್ದಿದ್ದು ತಕ್ಷಣ ಗೊತ್ತಾಗುತ್ತದೆ. ಮೂಲವನ್ನು ಆಗಾಗ ಬದಲಿಸುತ್ತಿರಬೇಕು. ಉದ್ದನೆಯ ನೇರ ಗೀರಿದ್ದರೆ ಅದರ ಒಂದು ತುದಿಯಲ್ಲಿ ಕ್ಲಿಕ್ ಮಾಡಿ, ಶಿಫ್ಟ್ ಒತ್ತಿಕೊಂಡು ಇನ್ನೊಂದು ತುದಿಯಲ್ಲಿ ಕ್ಲಿಕ್ ಮಾಡಿದರೆ ಕುಂಚ ತಾನೇ ನೇರವಾಗಿ ಎಳೆಯುತ್ತದೆ.

ಮಡಿಕೆಯ ಗೆರೆ ಹೀಗೆ ಸುಲಭವಾಗಿ ಬಗೆಹರಿಯುವುದಿಲ್ಲ, ಏಕೆಂದರೆ ಅದು ಹಲವು ವಸ್ತುಗಳನ್ನು ದಾಟಿಕೊಂಡು ಹೋಗುತ್ತದೆ. ಅಜ್ಜನ ಪೀಚೆಕತ್ತಿಯ ಒರೆಯನ್ನು ಹತ್ತಿರದಿಂದ ನೋಡಿದರೆ ಒಂದು ಕಡೆ ಬಿಳಿಯ ಕುಪ್ಯ, ಇನ್ನೊಂದು ಕಡೆ ಬೆಳ್ಳಿಯ ಕಟ್ಟಿನ ಕಪ್ಪು ಒರೆ, ಅವೆರಡರ ನಡುವೆ ಚೂಪಾದ ಅಂಚು. ಆ ಅಂಚಿನ ಮೇಲೆ ಹೀಲ್ ಅನ್ನು ಬಳಸಿದರೆ ಕಪ್ಪು ಬಿಳಿಗಳೆರಡೂ ಕಲಸಿಕೊಂಡು ಬೂದು ಬಣ್ಣದ ಮಸಿಯಾಗುತ್ತದೆ. ಅಂಚುಗಳಲ್ಲಿ ಕ್ಲೋನ್ ಅನ್ನೇ ಬಳಸಬೇಕು. ಅದೇ ಅಂಚಿನ ಮೇಲೆ, ಮಡಿಕೆಗಿಂತ ಸ್ವಲ್ಪ ಮೇಲೆ, ಅಂಚಿನ ಗೆರೆ ಕುಂಚದ ವೃತ್ತವನ್ನು ಸರಿಯಾಗಿ ಎರಡು ಭಾಗ ಮಾಡುವಂತೆ ಮೂಲವನ್ನು ಹಿಡಿದು, ಕೆಳಗೆ ತಂದು ಅದೇ ರೀತಿ ಎರಡು ಭಾಗವಾಗುವಂತೆ ಇಡಬೇಕು. ಅಂಚು ಮೊದಲು ಕೂಡಿಕೊಂಡರೆ ಅದರ ಇಬ್ಬದಿಯ ಬಯಲು ಜಾಗಗಳನ್ನು ಹೀಲ್‌ನಿಂದ ಮುಗಿಸುವುದು ಕಷ್ಟವಲ್ಲ.

ಜೋಮಾಲೆ ನನ್ನಿಂದ ಎರಡು ಸಂಜೆಗಳನ್ನು ತೆಗೆದುಕೊಂಡಿತು. ಮಡಿಕೆ ಅದರ ನಾಲ್ಕು ಗುಂಡುಗಳನ್ನು ಸೀಳಿತ್ತು. ಪಕ್ಕದ ಒಂದು ಗುಂಡನ್ನು ನಾಲ್ಕು ಸಲ ತಂದು ಅಂಟಿಸಿದಾಗ ಮಾಲೆ ತುಂಬಿದಂತೆ ಕಂಡರೂ ಏನೋ ಹೊಂದುತ್ತಿರಲಿಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಕಾರಣ ತಿಳಿಯಿತು: ಮಾಲೆ ಬಾಗಿದಂತೆಲ್ಲ ಪ್ರತಿ ಗುಂಡಿನ ಮೇಲಿನ ಹೊಳಪಿನ ಚುಕ್ಕೆ ಒಂದಿಷ್ಟು ಸರಿಯುತ್ತದೆ, ನಾನು ಅಂಟಿಸಿದ ನಾಲ್ಕರಲ್ಲಿಯೂ ಅದು ಒಂದೇ ಜಾಗದಲ್ಲಿತ್ತು. ಒಡೆದ ಗುಂಡುಗಳಲ್ಲಿ ಉಳಿದಿದ್ದ ಭಾಗವನ್ನು ಹಾಗೆಯೇ ಇಟ್ಟುಕೊಂಡು, ಸೀಳು ಇದ್ದ ಕೂದಲೆಳೆಯಷ್ಟು ಜಾಗವನ್ನು ಮಾತ್ರ ಆಚೀಚೆಯ ಗುಂಡುಗಳಿಂದ ತುಂಬಿದ ಮೇಲೆ ಮಾಲೆ ಮತ್ತೆ ಅಜ್ಜಿಯದಾಯಿತು. ಹಾನಿಯಾದಷ್ಟೇ ಜಾಗವನ್ನು ತಿದ್ದುವುದು, ಅದರಾಚೆಗೆ ಒಂದು ಪಿಕ್ಸೆಲನ್ನೂ ಮುಟ್ಟದಿರುವುದು ಎಂಬ ಅಭ್ಯಾಸ ನನಗೆ ಬಂದದ್ದು ಆಗ.

ಮುಖದ ವಿಚಾರ

ಹಿನ್ನೆಲೆಯ ಹರಿದ ಮೂಲೆಯನ್ನು ಪಕ್ಕದ ಪರದೆಯಿಂದ ತುಂಬಿದರೆ ಯಾರಿಗೂ ನಷ್ಟವಿಲ್ಲ. ಮುಖಕ್ಕೆ ಬಂದಾಗ ಕೈ ಬಿಗಿಹಿಡಿಯಬೇಕು. ಕೆನ್ನೆ, ಹಣೆಗಳ ಮೇಲಿನ ಗೀರುಗಳನ್ನು ಹೀಲ್‌ನಿಂದ, ಅದೇ ಮುಖದ ಪಕ್ಕದ ಚರ್ಮದಿಂದ, ಬೆಳಕು ಬೀಳುವ ದಿಕ್ಕನ್ನು ಗಮನಿಸಿ ತೆಗೆಯಬಹುದು. ಸುಕ್ಕು, ಮಚ್ಚೆ, ಸಿಡುಬಿನ ಕಲೆ ಇವು ಫೋಟೊಗೆ ಆದ ಹಾನಿಯಲ್ಲ, ಅವನ್ನು ಮುಟ್ಟಬಾರದು. ಬೂಷ್ಟಿನ ಚುಕ್ಕೆಯೋ ಮಚ್ಚೆಯೋ ಎಂಬ ಸಂದೇಹ ಬಂದರೆ ಅದೇ ವ್ಯಕ್ತಿಯ ಇನ್ನೊಂದು ಫೋಟೊವನ್ನು ನೋಡಿ, ಇಲ್ಲವೇ ಅವರನ್ನು ಕಂಡವರನ್ನು ಕೇಳಿ.

ಒಂದು ಕಣ್ಣು ಹಾಳಾಗಿದ್ದರೆ ಇನ್ನೊಂದನ್ನು ಮಗುಚಿ ತಂದು ಅಂಟಿಸುವ ಉಪಾಯವನ್ನು ಅನೇಕರು ಹೇಳಿಕೊಡುತ್ತಾರೆ. ಕಣ್ಣಾಲಿಯಲ್ಲಿ ಬೆಳಕಿನ ಚುಕ್ಕೆಯೊಂದು ಹೊಳೆಯುತ್ತಿರುತ್ತದೆ; ದೀಪ ಎಡಗಡೆಯಿದ್ದರೆ ಎರಡೂ ಕಣ್ಣುಗಳಲ್ಲಿ ಅದು ಎಡಕ್ಕೇ ಇರುತ್ತದೆ. ಮಗುಚಿದ ಕಣ್ಣಿನಲ್ಲಿ ಅದು ಬಲಕ್ಕೆ ಬಂದು, ಮುಖ ವಿಚಿತ್ರವಾಗಿ ಕಾಣಲು ತೊಡಗುತ್ತದೆ. ಅದಕ್ಕಿಂತ ಮಿಗಿಲಾಗಿ ಯಾರ ಮುಖದ ಎರಡು ಬದಿಗಳೂ ಸರಿಸಮವಾಗಿ ಇರುವುದಿಲ್ಲ. ಅದೇ ವಯಸ್ಸಿನ, ಅದೇ ಕೋನದ ಇನ್ನೊಂದು ಫೋಟೊ ಸಿಕ್ಕರೆ ಅದರಿಂದ ಕಣ್ಣನ್ನು ತರಬಹುದು, ಸಿಗದಿದ್ದರೆ ಹಾನಿಯ ಕಡುಪನ್ನು ಮಾತ್ರ ತಗ್ಗಿಸಿ, ಮಸುಕನ್ನು ಮಸುಕಾಗಿಯೇ ಉಳಿಸುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಮಸುಕಾದ ಮುಖವನ್ನು ಒಂದು ನಿಮಿಷದಲ್ಲಿ ಸ್ಪಷ್ಟ ಮಾಡಿಕೊಡುತ್ತವೆ. ಅವು ಅಳಿದುಹೋದದ್ದನ್ನು ಮರಳಿ ತರುವುದಿಲ್ಲ. ಲೆಕ್ಕವಿಲ್ಲದಷ್ಟು ಬೇರೆ ಮುಖಗಳಿಂದ ಕಲಿತದ್ದನ್ನು ಆಧರಿಸಿ ಅಲ್ಲಿ ಏನು ಇರಬಹುದೆಂದು ಊಹಿಸಿ ಬರೆಯುತ್ತವೆ. ನಾನು ಈ ಕೆಲಸ ಕಲಿಯುವ ಮೊದಲು ನಮ್ಮ ಮನೆಯವರು ಅಜ್ಜನ ಇನ್ನೊಂದು ಫೋಟೊವನ್ನು ಸ್ಟುಡಿಯೊ ಒಂದಕ್ಕೆ ಕೊಟ್ಟು ಹೀಗೆ ಸರಿಮಾಡಿಸಿದ್ದರು. ಚಿತ್ರ ಚೊಕ್ಕವಾಗಿ ಬಂದಿತ್ತು. ಅಜ್ಜನ ಎಡಹುಬ್ಬಿನ ತುದಿಯಲ್ಲಿ ಕೂದಲು ಬೆಳೆಯದ ಸಣ್ಣ ಗಾಯದ ಗುರುತು ಇತ್ತು, ಅದು ಹೊಸ ಚಿತ್ರದಲ್ಲಿ ಇರಲಿಲ್ಲ. ತುಟಿಗಳೂ ಸ್ವಲ್ಪ ಬೇರೆಯಾಗಿದ್ದವು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, ‘ಇವರು ಯಾರು?’ ಎಂದು ಕೇಳಿದರು. ಕಾರಣರಿಗೆ, ಅಂದರೆ ಗತಿಸಿದ ಕುಲದ ಹಿರಿಯರಿಗೆ, ಎಡೆಯಿಟ್ಟು ದೀಪ ಹಚ್ಚುವ ಮನೆಯಲ್ಲಿ ಆ ಚಿತ್ರವನ್ನು ಗೋಡೆಗೆ ಹಾಕಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಅಂಥ ಸಾಧನವನ್ನು ಹಿನ್ನೆಲೆಗೆ ಬಳಸಿಕೊಳ್ಳುವವರು ಬಳಸಿಕೊಳ್ಳಲಿ, ಮುಖದ ಮೇಲೆ ಬಳಸಿದ್ದಾದರೆ ಅದನ್ನು ಬೇರೆ ಕಡತವಾಗಿ ಇಟ್ಟು, ಊಹೆಯ ಚಿತ್ರವೆಂದು ಹೆಸರಿನಲ್ಲಿಯೇ ಬರೆಯಬೇಕು.

ಕಪ್ಪು ಬಿಳುಪಿಗೆ ತಾನಾಗಿ ಬಣ್ಣ ಹಚ್ಚುವ ಸಾಧನಗಳಿಗೂ ಇದೇ ಮಾತು ಸಲ್ಲುತ್ತದೆ. ಚೇಲೆ ಕೆಂಪು ರೇಷ್ಮೆಯದೆಂದು ನಮಗೆ ಗೊತ್ತು. ತಂತ್ರಾಂಶ ಅದಕ್ಕೆ ಕಂದನ್ನೋ ನೀಲಿಯನ್ನೋ ಬಳಿದು ಮುಗಿಸಬಹುದು. ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿದ ಚಿತ್ರಗಳು ಎಡಬಲ ಅದಲುಬದಲಾಗಿ ಬರುವುದುಂಟು. ಕೊಡವತಿಯರ ಸೀರೆಯ ಸೆರಗು ಎಡತೋಳಿನ ಕೆಳಗಿನಿಂದ ಬಂದು ಬಲ ಹೆಗಲ ಮೇಲೆ ನಿಲ್ಲುತ್ತದೆ ಎಂಬುದನ್ನು ಅರಿಯದ ಹೊರಗಿನವರು ಸರಿಯಾಗಿದ್ದ ಚಿತ್ರವನ್ನೇ ತಪ್ಪೆಂದು ತಿಳಿದು ತಿರುಗಿಸಿಬಿಡಬಹುದು. ಚಿತ್ರದಲ್ಲಿ ಯಾರದು ಯಾವ ಉಡುಗೆ ಎಂದು ತಿಳಿದವರೇ ಈ ಕೆಲಸಕ್ಕೆ ಕೂರಬೇಕೆಂದು ನಾನು ಹೇಳುವುದು ಇದರಿಂದಾಗಿಯೇ.

ಬಣ್ಣದ ಫೋಟೊ ಕೆಂಪಾಗಿದ್ದರೆ

1970 ಮತ್ತು 80ರ ದಶಕಗಳ ಬಣ್ಣದ ಫೋಟೊಗಳಲ್ಲಿ ಬಹಳಷ್ಟು ಈಗ ಕೆಂಪುಗಟ್ಟಿವೆ. ಬಣ್ಣದ ಫೋಟೊ ಮೂರು ವರ್ಣದ್ರವ್ಯಗಳಿಂದ ಆಗಿರುತ್ತದೆ. ಆಲ್ಬಮಿನ ಕತ್ತಲಲ್ಲಿ ಇದ್ದರೂ ಅವುಗಳ ಪೈಕಿ ಹಸಿರುನೀಲಿ ಬಣ್ಣದ್ದು ಬೇಗ ಮಾಸುತ್ತದೆ. ಲೆವೆಲ್ಸ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿ, ಪ್ರತಿಯೊಂದರಲ್ಲಿಯೂ ತ್ರಿಕೋನಗಳನ್ನು ಗುಡ್ಡದ ಬುಡದವರೆಗೆ ತಂದರೆ ಬಣ್ಣ ಬಹುಮಟ್ಟಿಗೆ ಸಮತೋಲಕ್ಕೆ ಬರುತ್ತದೆ. ಸುಣ್ಣದ ಗೋಡೆ, ಬಿಳಿಯ ಪಂಚೆ ಮುಂತಾಗಿ ಬಿಳಿಯೆಂದು ಖಚಿತವಾಗಿ ತಿಳಿದ ವಸ್ತುವನ್ನು ಮೊದಲು ಸರಿಮಾಡಿ. ಚರ್ಮದ ಬಣ್ಣವನ್ನು ಕೊನೆಗೆ ನೋಡಿ.

ಮುಗಿಸುವುದು, ಉಳಿಸುವುದು

ತಿದ್ದಿದ ಜಾಗಗಳು ಸುತ್ತಲಿನದಕ್ಕಿಂತ ನುಣುಪಾಗಿ ಕಂಡರೆ ಹಳೆಯ ಫೋಟೊದ ಕಣಕಣವಾದ ಹದಕ್ಕೆ ಹೊಂದುವಷ್ಟು ಅಲ್ಪ ಪ್ರಮಾಣದ ‘ನಾಯ್ಸ್’ (ಸಣ್ಣ ಚುಕ್ಕೆಗಳ ಒರಟುತನ) ಸೇರಿಸಿ. ಚುರುಕುಗೊಳಿಸುವುದು ಎಲ್ಲಕ್ಕಿಂತ ಕೊನೆಯ ಹಂತ, ಅದೂ ಮಿತವಾಗಿ. ಒಂದು ರಾತ್ರಿ ಬಿಟ್ಟು ಮರುದಿನ ಮತ್ತೆ ನೋಡಿದರೆ ಹಿಂದಿನ ದಿನ ಕಾಣದ ತಪ್ಪುಗಳು ಕಾಣುತ್ತವೆ. ಪದರಗಳಿರುವ ಎಕ್ಸ್‌ಸಿಎಫ್ ಕಡತವನ್ನು ಉಳಿಸಿಕೊಂಡು, ಮುದ್ರಣಕ್ಕೆ ಒಂದು ಟಿಫ್ ಮತ್ತು ನೆಂಟರಿಗೆ ಕಳುಹಿಸಲು ಒಂದು ಜೆಪೆಗ್ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದಂತೆಯೇ ತಲಪುತ್ತದೆ.

ಗೋಡೆಗೆ ಹೊಸ ಪ್ರತಿಯನ್ನು ಹಾಕಿ, ಅದಕ್ಕೂ ಗಾಜಿಗೂ ನಡುವೆ ರಟ್ಟಿನ ಮೌಂಟ್ ಇಡಿಸಿ, ಮೂಲವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ಅಡುಗೆಮನೆಯ ಹೊಗೆಯಿಂದಲೂ ಮಳೆ ಹೊಡೆಯುವ ಗೋಡೆಯಿಂದಲೂ ದೂರವಿರುವ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಮೂಲಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಕಡತಗಳ ಒಂದು ಪ್ರತಿ ಬೇರೊಂದು ಊರಿನಲ್ಲಿರುವ ನೆಂಟರ ಮನೆಯಲ್ಲಿ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಮನೆಯೊಂದಿಗೆ ಆಲ್ಬಮುಗಳನ್ನೂ ಕಳೆದುಕೊಂಡ ಕುಟುಂಬಗಳಿಗೆ, ದೂರದ ಊರಿನ ಸಂಬಂಧಿಕರ ಮೊಬೈಲಿನಲ್ಲಿ ಉಳಿದಿದ್ದ ಒಂದೊಂದು ಚಿತ್ರವೂ ಎಷ್ಟು ದೊಡ್ಡದಾಗಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಇನ್ನು ಉಳಿಯುವುದು ಹೆಸರುಗಳು. ಪುತ್ತರಿ ಹಬ್ಬಕ್ಕೋ ಕೈಲ್‌ಪೋಳ್ದ್ ಹಬ್ಬಕ್ಕೋ ಒಕ್ಕದವರೆಲ್ಲ (ಒಂದೇ ಮನೆತನದವರೆಲ್ಲ) ಐನ್‌ಮನೆಯಲ್ಲಿ (ಮನೆತನದ ಮೂಲಮನೆಯಲ್ಲಿ) ಸೇರಿದಾಗ ಸರಿಪಡಿಸಿದ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿ, ಹಿರಿಯರ ಮುಂದೆ ಇಟ್ಟು, ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೂ ತೋರಿಸಿ ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ನಮ್ಮ ಫೋಟೊದಲ್ಲಿ ಕುರ್ಚಿಯ ಹಿಂದೆ ನಿಂತಿದ್ದ ಹುಡುಗ ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಬೂಷ್ಟಿನ ಚುಕ್ಕೆಗಳು ಹೋಗಿ ಅವನ ಮುಖ ಕಂಡ ಮೇಲೆ, ಅಜ್ಜಿಯೇ ಅವನನ್ನು ಗುರುತಿಸಿ, ಅವನು ತನ್ನ ಕಿರಿಯ ತಮ್ಮನೆಂದೂ ಕ್ಯಾಮೆರಾಗೆ ಹೆದರಿ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದನೆಂದೂ ಹೇಳಿದರು. ಈಗ ಚಿತ್ರವನ್ನು ಹಿಗ್ಗಿಸಿದರೆ ಕುರ್ಚಿಯ ಬೆನ್ನಿನ ಮೇಲೆ ಆ ಪುಟ್ಟ ಬೆರಳುಗಳು ಕಾಣುತ್ತವೆ.